ಮಾರ್ಗಣೆ ಮತ್ತು ಗಣಕಸೂಚಿ: ಒಂದು ವಿಮರ್ಶೆ

ಓಲೆಗರಿಯ ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರಬೇಕೆಂಬ ನಿಯಮ ಜೈನ ಭಂಡಾರಗಳಲ್ಲಿಲ್ಲ. ಮೂಲ, ಅದರ ಟೀಕೆ, ಬೆನ್ನಿಗೆ ಮತ್ತೊಂದು ಗ್ರಂಥ, ಕೊನೆಗೆ ಪ್ರತಿಕಾರನ ಪುಷ್ಪಿಕೆ, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿರುವುದುಂಟು. ಮುದ್ರಿತ ಗ್ರಂಥಸೂಚಿಯನ್ನು ನೋಡುವ ಪಂಡಿತನು ಯಾವ ಕರ್ತೃ ಯಾವ ಕೃತಿಗೆ ಸೇರಿದವನೆಂಬುದನ್ನು ತನ್ನ ವಿವೇಕದಿಂದಲೇ ಅರಿಯಬಲ್ಲನು. ಗಣಕಯಂತ್ರದ ಸೂಚಿಗೆ ಆ ವಿವೇಕವಿಲ್ಲ. ಈ ಕಾರಣದಿಂದ ಅದರ ರಚನಾಕ್ರಮವು ವಿಮರ್ಶಾರ್ಹವಾಗಿದೆ.

ಉಮಾಸ್ವಾಮಿಗಳ ಸಂಸ್ಕೃತ ತತ್ತ್ವಾರ್ಥಸೂತ್ರ, ನೇಮಿಚಂದ್ರರ ಪ್ರಾಕೃತ ದ್ರವ್ಯಸಂಗ್ರಹ ಇವೆರಡೂ ಒಂದೇ ಕಟ್ಟಿನಲ್ಲಿವೆಯೆಂದು ಭಾವಿಸಬಹುದು. ಎಲಾಸ್ಟಿಕ್‌ಸರ್ಚ್ ಮೊದಲಾದ ಶೋಧಯಂತ್ರಗಳಿಗೆ ವಿಶೇಷ ಸೂಚನೆ ಕೊಡದಿದ್ದರೆ, ಅವು ಒಳಗಿನ ದಾಖಲೆಗಳನ್ನು ಚಪ್ಪಟೆಗೊಳಿಸಿ ಕರ್ತೃಗಳದೊಂದು ಪಟ್ಟಿ, ಭಾಷೆಗಳದೊಂದು ಪಟ್ಟಿ ಎಂದು ಬೇರೆಬೇರೆಯಾಗಿ ಇಡುತ್ತವೆ. ಆಗ ‘ಕರ್ತೃ ಉಮಾಸ್ವಾಮಿ, ಭಾಷೆ ಪ್ರಾಕೃತ’ ಎಂದು ಕೇಳಿದವನಿಗೂ ಈ ಕಟ್ಟು ದೊರೆಯುತ್ತದೆ. ಇಲ್ಲದ ಗ್ರಂಥವೊಂದು ಇದೆಯೆಂಬ ಭ್ರಾಂತಿ ಹುಟ್ಟಲು ಇಷ್ಟು ಸಾಕು.

ಈ ದೋಷದ ಸ್ವರೂಪವು ಸಿದ್ಧಾಂತಜ್ಞರಿಗೆ ಹೊಸದಲ್ಲ. ಮಾರ್ಗಣೆ ಎಂದರೆ ಅನ್ವೇಷಣೆ. ಗತಿ, ಇಂದ್ರಿಯ, ಕಾಯ ಮುಂತಾದ 14 ಮಾರ್ಗಣೆಗಳ ಮುಖದಿಂದ 14 ಗುಣಸ್ಥಾನಗಳನ್ನು ಅರಸುವುದೇ ಷಟ್ಖಂಡಾಗಮದ ಸತ್ಪ್ರರೂಪಣೆಯ ಕ್ರಮ. ಓಘದಿಂದ ಸಾಮಾನ್ಯ ಕಥನ, ಆದೇಶದಿಂದ ವಿಶೇಷ ಕಥನ. ನರಕಗತಿಯಲ್ಲಿ ಮೊದಲ 4, ತಿರ್ಯಂಚಗತಿಯಲ್ಲಿ 5, ದೇವಗತಿಯಲ್ಲಿ 4, ಮನುಷ್ಯಗತಿಯಲ್ಲಿ ಮಾತ್ರ 14 ಗುಣಸ್ಥಾನಗಳು. ಗತಿಗಳ ಪಟ್ಟಿಯನ್ನೂ ಗುಣಸ್ಥಾನಗಳ ಪಟ್ಟಿಯನ್ನೂ ಬಿಡಿಬಿಡಿಯಾಗಿ ಇಟ್ಟರೆ ನಾರಕಿಯೂ ಅಯೋಗಕೇವಲಿಯಾಗಬಹುದು! ಆಗಮವು ಸಂಬಂಧವನ್ನು ಕಾಯ್ದುಕೊಂಡಿತು. ಚಪ್ಪಟೆಸೂಚಿ ಅದನ್ನು ಕಳೆಯಿತು.

ಪರಿಹಾರವಾಗಿ ಎರಡು ಉಪಾಯಗಳು ಬಳಕೆಯಲ್ಲಿವೆ. ಮೊದಲನೆಯದು ಶ್ರೇಣಿಪಥ: ‘ಪ್ರಾಕೃತ’, ‘ಪ್ರಾಕೃತ/ಶೌರಸೇನಿ’ ಎಂದು ಪ್ರತಿ ಮೆಟ್ಟಿಲನ್ನೂ ಸೂಚಿಯಲ್ಲಿ ದಾಖಲಿಸುವುದು. ಇದರಿಂದ ಸಾಮಾನ್ಯದಿಂದ ವಿಶೇಷಕ್ಕೆ ಇಳಿಯುವುದು ಸುಲಭವಾಗುತ್ತದೆ. ಆದರೆ ಒಂದು ಮುಖದೊಳಗಣ ಮೇಲುಕೆಳಗುಗಳನ್ನು ಹೇಳುವ ಈ ಪಥವು ಕರ್ತೃವಿಗೂ ಭಾಷೆಗೂ ಇರುವ ನಂಟನ್ನು ಹೇಳಲಾರದು. ಇದೊಂದರಿಂದಲೇ ಕಾರ್ಯವಾಯಿತೆಂದು ತಿಳಿಯುವುದು ಸರಿಯಲ್ಲ.

ಎರಡನೆಯದು ಗರ್ಭಿತ ದಾಖಲೆ: ಪ್ರತಿ ಕೃತಿಗೂ ಪ್ರತ್ಯೇಕ ದಾಖಲೆಯನ್ನು ಮಾಡಿ, ಅವನ್ನು ಕಟ್ಟಿನ ದಾಖಲೆಯ ಪಕ್ಕದಲ್ಲೇ ಒಂದು ಗುಂಪಾಗಿ ಇಡುವುದು. ಲೂಸೀನ್ ಎಂಬ ಶೋಧಸಾಧನದಲ್ಲಿ ಮಕ್ಕಳ ದಾಖಲೆಗಳು ಮುಂದೆ, ತಾಯಿದಾಖಲೆ ಕೊನೆಯಲ್ಲಿ ಬರುತ್ತದೆ; ಓಲೆಕಟ್ಟಿನ ಕೊನೆಗೆ ಪುಷ್ಪಿಕೆ ಬರುವಂತೆ. ಪ್ರಶ್ನೆಯ ಎಲ್ಲ ಅಂಗಗಳೂ ಒಂದೇ ಕೃತಿಯಲ್ಲಿ ಕೂಡಿದರೆ ಮಾತ್ರ ಕಟ್ಟು ದೊರೆಯುತ್ತದೆ. ಇದೇ ಗ್ರಾಹ್ಯವಾದ ಮಾರ್ಗ.

ಇದಕ್ಕೂ ಬೆಲೆಯುಂಟು. ಒಂದು ಕೃತಿಯ ಹೆಸರನ್ನು ತಿದ್ದಿದರೂ ಇಡೀ ಗುಂಪನ್ನು ಮತ್ತೆ ಸೂಚಿಸಬೇಕಾಗುತ್ತದೆ. ಎಣಿಕೆಯಲ್ಲೂ ಎಚ್ಚರ ಬೇಕು. ಮೇಲೆ ಹೇಳಿದ ಕಟ್ಟು ದ್ರವ್ಯಾನುಯೋಗದಡಿಯಲ್ಲಿ ಕೃತಿಗಳ ಲೆಕ್ಕಕ್ಕೆ 2, ಪ್ರತಿಗಳ ಲೆಕ್ಕಕ್ಕೆ 1. ಯಾವುದನ್ನು ಎಣಿಸಿದೆಯೆಂದು ಹೇಳದ ಸೂಚಿಯು ಭಂಡಾರದ ಸಂಪತ್ತನ್ನೇ ತಪ್ಪಾಗಿ ತೋರಿಸುತ್ತದೆ.

ಈ ತೊಡಕುಗಳನ್ನು ಮುಂದುಮಾಡಿ ಚಪ್ಪಟೆಸೂಚಿಯನ್ನು ಸಮರ್ಥಿಸುವುದು ಯುಕ್ತವಲ್ಲ. ಶ್ರಮವು ಒಮ್ಮೆಯದು, ಭ್ರಾಂತಿ ಬಹುಕಾಲದ್ದು. ಆದರೂ ಯಂತ್ರವು ತನಗೆ ಕೊಟ್ಟ ಗಡಿಗಳನ್ನಷ್ಟೇ ಕಾಯಬಲ್ಲದು. ಒಂದು ಕೃತಿ ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಮೊದಲಾಯಿತು, ಟೀಕೆ ಯಾವ ಮೂಲಕ್ಕೆ ಸೇರಿದುದು ಎಂಬ ನಿರ್ಣಯವು ಗರಿಗರಿಯನ್ನೂ ಓದಿದ ಪಂಡಿತನದೇ ಆಗಿರಬೇಕು. ಆ ನಿರ್ಣಯವಿಲ್ಲದೆ ರಚಿತವಾದ ಸೂಚಿಯು ಎಷ್ಟೇ ಶೀಘ್ರವಾಗಿ ಉತ್ತರಿಸಿದರೂ ಮಾರ್ಗಣೆಯೆನಿಸದು.