ಕ್ರಿಯಾಪದದಲ್ಲಿಲ್ಲದ ಸಂಬಂಧ: ಬೇಡಿಕೆಯ ವಾಕ್ಯದಿಂದ ರೂಪನಿಷ್ಠ ಮಾದರಿಗೆ

ಬಳಕೆದಾರರ ಬೇಡಿಕೆಯ ವಾಕ್ಯಗಳಿಂದ ತಂತ್ರಾಂಶದ ರೂಪನಿಷ್ಠ ಮಾದರಿಯನ್ನು ಪಡೆಯುವ ವಿಧಾನಗಳಲ್ಲಿ ರಸೆಲ್ ಅಬಟ್ 1983ರಲ್ಲಿ ಮಂಡಿಸಿದ ಸೂತ್ರ ಪ್ರಸಿದ್ಧವಾದುದು: ನಾಮಪದಗಳು ದತ್ತಾಂಶದ ಬಗೆಗಳನ್ನು, ಕ್ರಿಯಾಪದಗಳು ಕಾರ್ಯಗಳನ್ನು ಸೂಚಿಸುತ್ತವೆ. ಇಂಗ್ಲಿಷ್ ವಾಕ್ಯಗಳ ಮೇಲೆ ನಿಂತ ಈ ಸೂತ್ರವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು ಎಂಬುದು ನಮ್ಮ ಆಕ್ಷೇಪ.

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಸಹಜವಾಗಿ ಆಡಬಹುದಾದ ಮೂರು ವಾಕ್ಯಗಳನ್ನು ಗಮನಿಸೋಣ: ‘ನಮಗೆ ಎರಡು ಎಕರೆ ಗದ್ದೆ ಇದೆ’, ‘ಗದ್ದೆ ಅಣ್ಣನ ಹೆಸರಲ್ಲಿ ಇದೆ’, ‘ಗದ್ದೆ ನಮ್ಮ ಕೈಯಲ್ಲಿ ಇದೆ’. ಮೂರರಲ್ಲೂ ಕ್ರಿಯಾಪದ ಒಂದೇ. ಸಂಬಂಧಗಳು ಮಾತ್ರ ಬೇರೆ ಬೇರೆ. ಹಕ್ಕು, ದಾಖಲೆ, ಸ್ವಾಧೀನ ಎಂಬ ಭೇದವನ್ನು ಹೊತ್ತಿರುವುದು ಚತುರ್ಥಿ, ಸಪ್ತಮಿ ಪ್ರತ್ಯಯಗಳು ಮತ್ತು ಅವು ಸೇರುವ ನಾಮಪದಗಳು. (ಕಾರಕಚರ್ಚೆಯಲ್ಲಿ ಪಳಗಿದವರಿಗೆ ಇದು ಹೊಸತಲ್ಲ, ಮಾದರಿಕಾರರಿಗೆ ಹೊಸತು.) ಕ್ರಿಯಾಪದವನ್ನಷ್ಟೇ ಹುಡುಕುವ ಸಾಧನಕ್ಕೆ ಇಲ್ಲಿ ‘ಇರುವಿಕೆ’ಯೊಂದೇ ಕಾಣುತ್ತದೆ.

ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಈ ತೊಡಕಿನಿಂದ ಬಹುಮಟ್ಟಿಗೆ ಪಾರಾದದ್ದು ಭಾಷಾವಿಶ್ಲೇಷಣೆಯಿಂದಲ್ಲ, ಹಳೆಯ ಕಾಗದದ ನಮೂನೆಯಿಂದ. ಅದರ 9ನೆಯ ಕಾಲಂ ಖಾತೆದಾರನದು, 12ನೆಯದು ಸಾಗುವಳಿಯದು. ಎರಡನೆಯ, ಮೂರನೆಯ ವಾಕ್ಯಗಳಿಗೆ ಹೀಗೆ ನೆಲೆ ದೊರೆಯಿತು. ಮೊದಲನೆಯದು ಅಷ್ಟು ಸುಲಭವಲ್ಲ: ಪಾಲಾಗದ ಮನೆಯಲ್ಲಿ ಅಣ್ಣನ ಹೆಸರಲ್ಲಿರುವ ಗದ್ದೆ ತಮ್ಮಂದಿರಿಗೂ ‘ಇದೆ’. ಇನ್ನು ಬಗರ್‌ಹುಕುಂ ಸಾಗುವಳಿದಾರನ ಪಾಲಿಗೆ ಮೂರನೆಯ ವಾಕ್ಯ ನಿಜ, ಎರಡನೆಯದು ಸುಳ್ಳು. ಅವನ ಅರ್ಜಿ ನಿಂತಿರುವುದೇ ಈ ಅಂತರದ ಮೇಲೆ. ಎರಡನ್ನೂ ಒಂದೇ ಸಂಬಂಧವಾಗಿ ಬೆಸೆದ ಮಾದರಿಯಲ್ಲಿ ಅವನನ್ನು ದಾಖಲಿಸಲು ಸ್ಥಾನವೇ ಇರುವುದಿಲ್ಲ.

ನಿಯಂತ್ರಿತ ಭಾಷೆಯನ್ನು ವಿಧಿಸಿದರೆ ಸಂದಿಗ್ಧತೆ ಹೋಗುತ್ತದೆ ಎನ್ನುವವರಿದ್ದಾರೆ. ಹೋಗುತ್ತದೆ, ನಿಜ, ಆದರೆ ಯಾರ ಅರ್ಥ ಉಳಿಯುತ್ತದೆ? 2006ರ ಅರಣ್ಯ ಹಕ್ಕು ಕಾಯ್ದೆ ಇತರ ಪಾರಂಪರಿಕ ಅರಣ್ಯವಾಸಿಗಳಿಂದ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರುಗಳ ವಾಸವನ್ನು ಬಯಸುತ್ತದೆ. ಒಂದು ತಲೆಮಾರೆಂದರೆ 25 ವರ್ಷ ಎಂದು ವಿವರಣೆಯನ್ನೂ ಕೊಡುತ್ತದೆ. ಕನ್ನಡದಲ್ಲಿ ‘ತಲೆಮಾರು’ ಸಂಬಂಧವಾಚಿ. ಕಾಯ್ದೆಯಲ್ಲಿ ಅದು ಕಾಲಮಾನ. ಗಣಕಕ್ಕೆ 75 ವರ್ಷಗಳ ವ್ಯವಕಲನ ಸಾಕು. ಆದರೆ ‘ಅಜ್ಜ ಮಾಡಿದ್ದ, ಅಪ್ಪ ಮಾಡಿದ, ಈಗ ನಾನು’ ಎನ್ನುವ ಅರ್ಜಿದಾರ ತಲೆಗಳನ್ನು ಎಣಿಸುತ್ತಿದ್ದಾನೆ, ವರ್ಷಗಳನ್ನಲ್ಲ. ಅವನ ಎಣಿಕೆಯಲ್ಲಿ ಮೂರು ತುಂಬಿದರೂ ಗಣಕದ ಎಣಿಕೆಯಲ್ಲಿ 75 ತುಂಬದೆ ಹೋಗಬಹುದು.