ಪಿಕ್ಸೆಲ್ ಲೆಕ್ಕದಲ್ಲಿ ಮರೆತ ವಿಕಿರಣ

"ನಮ್ಮ ಮೊಬೈಲಿನಲ್ಲೇ 50 ಮೆಗಾಪಿಕ್ಸೆಲ್ ಇದೆ, ಉಪಗ್ರಹದಲ್ಲಿ ಅಷ್ಟೂ ಇಲ್ಲವೇ ಸಾರ್?" ಮಾಲೂರು, ಮುಳಬಾಗಿಲು ಕಡೆಯಿಂದ ಬರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು. ತಪ್ಪು ಅವರದಲ್ಲ, ವಿಜ್ಞಾನ ಬರೆಯುವ ನಮ್ಮದು.

ವ್ಯೋಮ ಕ್ಯಾಮೆರಾಗಳ ಬಗೆಗಿನ ಕನ್ನಡ ಲೇಖನಗಳಲ್ಲಿ ಚಿತ್ರಗಳ ಸಂಖ್ಯೆಯ ವರ್ಣನೆ ಧಾರಾಳವಾಗಿರುತ್ತದೆ. 2023ರಲ್ಲಿ ಆದಿತ್ಯ-ಎಲ್1 ಹಾರಿದಾಗ ಅದರ ವಿಇಎಲ್‌ಸಿ ಉಪಕರಣ ದಿನಕ್ಕೆ 1440 ಚಿತ್ರ ಕಳಿಸಲಿದೆಯೆಂದು ಎಲ್ಲೆಡೆ ಬರೆದರು. ಆದರೆ ವಿಕಿರಣದ ನಡುವೆ ಸಂವೇದಕ ಎಷ್ಟು ಕಾಲ ನಂಬಲರ್ಹ ಚಿತ್ರ ಕೊಡುತ್ತದೆ ಎಂಬ ಮುಖ್ಯ ಪ್ರಶ್ನೆ ಹಿಂದೆ ಸರಿಯಿತು.

ಈ ಮರೆವು ಕೋಲಾರದವರಿಗೆ ಸಲ್ಲದು. ನಮ್ಮ ಚಿನ್ನದ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ, ಮೇಲಿನ ಬಂಡೆಯು ವಿಶ್ವಕಿರಣಗಳ ಇತರ ಕಣಗಳನ್ನು ಬಹುಮಟ್ಟಿಗೆ ತಡೆದುದರಿಂದಲೇ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಆ ತಂಡದಲ್ಲಿದ್ದ ಎಂ.ಜಿ.ಕೆ. ಮೆನನ್ ಅವರ ಹೆಸರಿನ ಪ್ರಯೋಗಾಲಯ ಈಗ ಹೊಸಕೋಟೆಯಲ್ಲಿದೆ. ಭಾರತೀಯ ಖಭೌತ ಸಂಸ್ಥೆಯವರು ವಿಇಎಲ್‌ಸಿಯನ್ನೂ, 2015ರ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಯುವಿಐಟಿಯನ್ನೂ ಜೋಡಿಸಿದ್ದು ಅಲ್ಲೇ. ಗಣಿಯಲ್ಲಿ ಬಂಡೆಯ ಆಸರೆಯಿತ್ತು. ವ್ಯೋಮದಲ್ಲಿ ಅಂಥ ಹೊದಿಕೆ ಹೊತ್ತೊಯ್ಯಲಾಗದು.

ಯುವಿಐಟಿಯಲ್ಲಿರುವುದು ವಿಕಿರಣ ಸಹಿಷ್ಣುವಾಗಿ ರೂಪಿಸಿದ ಸ್ಟಾರ್-250 ಎಂಬ ಸಿಮಾಸ್ ಸಂವೇದಕ. ಪಿಕ್ಸೆಲ್‌ಗಳು ಕೇವಲ 512 × 512, ಅಂದರೆ ಸುಮಾರು 2.6 ಲಕ್ಷ. ಇದು ಬಡತನವಲ್ಲ. ವಿಕಿರಣ ಮುಖ್ಯವಾಗಿ ಎರಡು ರೀತಿಯಲ್ಲಿ ಹಾನಿ ಮಾಡುತ್ತದೆ. ಆಕ್ಸೈಡ್ ಪದರದಲ್ಲಿ ಆವೇಶ ಸಿಕ್ಕಿಬಿದ್ದು ವಿದ್ಯುತ್ ಸೋರುತ್ತದೆ. ಪ್ರೋಟಾನ್‌ಗಳು ಸಿಲಿಕಾನ್ ಪರಮಾಣುಗಳನ್ನು ಸ್ಥಾನದಿಂದ ಕದಲಿಸಿ, ಕೆಲವು ಪಿಕ್ಸೆಲ್‌ಗಳು ಕತ್ತಲಲ್ಲೂ ಹೊಳೆಯುವಂತೆ ಮಾಡುತ್ತವೆ. ಸಿಸಿಡಿಯಲ್ಲಿ ಆವೇಶವು ನೂರಾರು ಪಿಕ್ಸೆಲ್ ದಾಟಿ ಅಂಚು ಸೇರಬೇಕು. ದೋಷವಿದ್ದ ಕಡೆಯಲ್ಲೆಲ್ಲ ಅಷ್ಟಷ್ಟು ನಷ್ಟ. ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್ಲಿಗೂ ತನ್ನದೇ ವರ್ಧಕವಿರುವುದರಿಂದ ಈ ಪ್ರಯಾಣವಿಲ್ಲ. ಸೋರಿಕೆ ತಡೆಯಲು ಟ್ರಾನ್ಸಿಸ್ಟರಿನ ಗೇಟನ್ನು ಉಂಗುರದಂತೆ ಸುತ್ತುವರಿಸುವ ವಿಧಾನವುಂಟು. ಅದಕ್ಕೆ ಹೆಚ್ಚು ಜಾಗ ಬೇಕು. ಅಂಥ ಪಿಕ್ಸೆಲ್ ದೊಡ್ಡದಾಗುತ್ತದೆ, ಸಂಖ್ಯೆ ಇಳಿಯುತ್ತದೆ. ಕಕ್ಷೆಯ ಆಯ್ಕೆಯೂ ಒಂದು ರಕ್ಷಣೆ: ಸಮಭಾಜಕಕ್ಕೆ 6 ಡಿಗ್ರಿ ಮಾತ್ರ ವಾಲಿರುವ ಆಸ್ಟ್ರೋಸ್ಯಾಟ್, ವಿಕಿರಣ ತೀವ್ರವಾಗಿರುವ ದಕ್ಷಿಣ ಅಟ್ಲಾಂಟಿಕ್ ವಲಯದ ಅಂಚನ್ನಷ್ಟೇ ಸವರಿ ಹೋಗುತ್ತದೆ.

ಸಂವೇದಕವೊಂದೇ ಗಟ್ಟಿಯಿದ್ದರೆ ಸಾಲದು. ಗುರುವನ್ನು ಸುತ್ತುವ ಜೂನೋ ನೌಕೆಯ ಕ್ಯಾಮೆರಾ 2023ರ ನವೆಂಬರಿನಲ್ಲಿ ಗೆರೆ ಗೆರೆಯ ಚಿತ್ರ ಕೊಡತೊಡಗಿತು. ವಿಕಿರಣದಿಂದ ವಿದ್ಯುತ್ ಪೂರೈಕೆಯ ಭಾಗ ಕೆಟ್ಟಿರಬೇಕೆಂದು ಶಂಕಿಸಿದ ತಂಡ, ಹೀಟರ್ ಹಾಕಿ ಕ್ಯಾಮೆರಾವನ್ನು ಬಿಸಿ ಮಾಡಿತು. ಡಿಸೆಂಬರ್ 30ರಂದು ಅಯೋ ಉಪಗ್ರಹದ ಚಿತ್ರಗಳು ಚೆನ್ನಾಗಿ ಬಂದವು. ಆ ಚಿತ್ರಗಳ ಅಂದವನ್ನಷ್ಟೇ ಹೊಗಳಿದರೆ ಭೌತವಿಜ್ಞಾನ ಕೈಬಿಟ್ಟು ಹೋಗುತ್ತದೆ.

ಇವೆಲ್ಲ ಸಾಮಾನ್ಯ ಓದುಗರಿಗೆ ಕಠಿಣ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಶುದ್ಧಗೊಳಿಸಿದ ಚಿತ್ರದ ಪಕ್ಕದಲ್ಲಿ ಬಿಳಿ ಚುಕ್ಕೆಗಳಿರುವ ಮೂಲ ಚಿತ್ರವನ್ನೂ ಅಚ್ಚಿಸಿ, ಚುಕ್ಕೆ ಏಕೆ ಬಂತು, ಹೇಗೆ ತೆಗೆದರು ಎಂದು ನಾಲ್ಕು ಸಾಲು ಬರೆಯಬಹುದು. ಬ್ಯಾಲಾಳಿನ ದತ್ತಾಂಶ ಕೇಂದ್ರದಲ್ಲಿ ಆಸ್ಟ್ರೋಸ್ಯಾಟ್, ಆದಿತ್ಯಗಳ ದತ್ತಾಂಶ ಸಾರ್ವಜನಿಕರಿಗೆ ಲಭ್ಯ. ಇಷ್ಟಾದರೂ ಮಾಡದಿದ್ದರೆ, ಜಾಣತನದಿಂದ ಆಯ್ದ ಸಂವೇದಕವನ್ನು ನಮ್ಮ ಮಕ್ಕಳು ದೇಶ ಹಿಂದುಳಿದುದರ ಗುರುತೆಂದೇ ತಿಳಿಯುತ್ತಾರೆ.