ಸಂತನ ಹಬ್ಬಕ್ಕೆ ಸ್ವೀಟ್ ಪೀ ಬಿತ್ತನೆ

ಮಾರ್ಚ್ 17 ಐರ್ಲೆಂಡಿನ ಸಂತ ಪ್ಯಾಟ್ರಿಕ್ ಹಬ್ಬ. ಅಮೆರಿಕದ ಹಳೆಯ ತೋಟಗಾರರಿಗೆ ಅದು ಸ್ವೀಟ್ ಪೀ ಎಂಬ ಹೂಬಳ್ಳಿಯ ಬೀಜ ಬಿತ್ತುವ ದಿನವೂ ಹೌದು. ಸೂರ್ಯ ಹುಟ್ಟುವುದಕ್ಕೆ ಮುಂಚೆಯೇ ಬೀಜ ಮಣ್ಣು ಸೇರಿರಬೇಕು ಎನ್ನುವವರೂ ಉಂಟು. ಸೂರ್ಯನ ಮಾತನ್ನು ನಾನು ನಂಬುವುದಿಲ್ಲ, ತಾರೀಕನ್ನು ನಂಬುತ್ತೇನೆ.

ಈ ಬಳ್ಳಿಯ ತವರು ಇಟಲಿಯ ದಕ್ಷಿಣದ ಸಿಸಿಲಿ ದ್ವೀಪ. 1699ರಲ್ಲಿ ಅಲ್ಲಿನ ಫ್ರಾನ್ಸಿಸ್ಕನ್ ಸಂನ್ಯಾಸಿ ಫ್ರಾನ್ಸೆಸ್ಕೊ ಕುಪಾನಿ ಇಂಗ್ಲೆಂಡಿನ ರಾಬರ್ಟ್ ಯುವೆಡೇಲ್ ಎಂಬ ಶಿಕ್ಷಕರಿಗೆ ಬೀಜ ಕಳುಹಿಸಿದರು. ಸಿಸಿಲಿಯಲ್ಲಿ ಅದು ಚಳಿಗಾಲದ ಮಳೆಗೆ ಬೆಳೆದು, ಬೇಸಿಗೆ ಬಲಿಯುವಷ್ಟರಲ್ಲಿ ಬೀಜ ಕಟ್ಟಿ ಒಣಗುತ್ತದೆ. ಹಾಗಾಗಿ ಬೇರು ಇಳಿಯಬೇಕಾದದ್ದು ತಂಪು ಮಣ್ಣಿನಲ್ಲಿ. ಎಳೆ ಸಸಿ ಸಣ್ಣಪುಟ್ಟ ಹಿಮಕ್ಕೆ ಹೆದರುವುದಿಲ್ಲ. ಅದು ಹೆದರುವುದು ಬಿಸಿಲಿಗೆ. ಮೇ ತಿಂಗಳಲ್ಲಿ ಬಿತ್ತಿದರೆ ಬೇರು ಆಳಕ್ಕೆ ಹೋಗುವ ಮೊದಲೇ ಜುಲೈ ಬಿಸಿಲು ಬಂದು ಮೊಗ್ಗು ಉದುರುತ್ತದೆ. ಐರಿಷ್ ಮನೆಗಳಲ್ಲಿ ಗುಡ್ ಫ್ರೈಡೇ ದಿನ ಆಲೂಗಡ್ಡೆ ನೆಡುವ ರೂಢಿಯೂ ಇದೆ. ಆದರೆ ಆ ಹಬ್ಬ ಮಾರ್ಚ್ 20ರಿಂದ ಏಪ್ರಿಲ್ 23ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಸ್ವೀಟ್ ಪೀಗೆ ಅಷ್ಟು ಸಡಿಲು ಕೂಡದು. ಮಾರ್ಚ್ 17ಕ್ಕೂ ನೆಲ ಹೆಪ್ಪುಗಟ್ಟಿರುವ ಊರಾದರೆ ಕುಂಡದಲ್ಲಿ ಬಿತ್ತಿ, ತಂಪಾದ ಕಿಟಕಿಯ ಬಳಿ ಇಡಿ.

ಬೀಜವನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದವನ್ನು ಒಂದು ಅಂಗುಲ ಆಳಕ್ಕೆ ಬಿತ್ತಿ. ಕಲ್ಲಿನಂತೆಯೇ ಉಳಿದವುಗಳ ಸಿಪ್ಪೆಯನ್ನು, ಬೀಜದ ಕಣ್ಣಿಗೆ ಎದುರು ಬದಿಯಲ್ಲಿ, ನೇಲ್ ಕಟರ್‌ನಿಂದ ಒಂದಿಷ್ಟೇ ಕತ್ತರಿಸಿ ಮತ್ತೆ ನೆನೆಸಿ. ಇಲಿಗಳಿಗೆ ಈ ಬೀಜ ಬಹಳ ಇಷ್ಟ. ಇಂಗ್ಲೆಂಡಿನಲ್ಲಿ ಹಿಂದೆ ಬೀಜಕ್ಕೆ ಸೀಸದ ಕೆಂಪು ಪುಡಿ ಹಚ್ಚುತ್ತಿದ್ದರು. ಅದು ವಿಷ, ಯಾರೂ ಅನುಸರಿಸಬಾರದು. ಸಣ್ಣ ಕಣ್ಣಿನ ತಂತಿ ಬಲೆ ಮುಚ್ಚಿದರೆ ಸಾಕು. ಸಾಲನ್ನು ಮೊಣಕಾಲುದ್ದ ಅಗೆದು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ತುಂಬಿಸಿ. ಮೂರು ನಾಲ್ಕು ಜೊತೆ ಎಲೆ ಬಂದಾಗ ಧೈರ್ಯವಾಗಿ ತುದಿ ಚಿವುಟಿ. ಬುಡದಿಂದ ಕವಲು ಬರುವುದು ಆಮೇಲೆಯೇ. ಬಳ್ಳಿಯ ಕುಡಿ ದಪ್ಪ ಗಳುವನ್ನು ಹಿಡಿಯಲಾರದು, ಅದಕ್ಕೆ ಸಣ್ಣ ರೆಂಬೆ ಅಥವಾ ಹುರಿ ಬೇಕು.

ತಳಿಯ ವಿಷಯದಲ್ಲಿ ನನ್ನದು ಹಟ. 1901ರಲ್ಲಿ ಇಂಗ್ಲೆಂಡಿನ ಸ್ಪೆನ್ಸರ್ ಮನೆತನದ ಆಲ್ಥಾರ್ಪ್ ಎಸ್ಟೇಟಿನ ತೋಟಗಾರ ಸೈಲಸ್ ಕೋಲ್ ಅಲೆಯಲೆಯಾದ ದೊಡ್ಡ ದಳಗಳ ಹೂವನ್ನು ಲೋಕಕ್ಕೆ ತೋರಿಸಿದರು. ಪ್ರದರ್ಶನದ ಮೇಜಿಗೆ ಅದೇ ಚೆಂದ. ಮನೆಯೊಳಗಿನ ಹೂದಾನಿಗೆ ಮಾತ್ರ ನನಗೆ ಕುಪಾನಿಯ ಹೆಸರಿನ ಕಡುಗೆಂಪು–ನೇರಳೆ ಹೂವು, ಇಲ್ಲವೇ ಗುಲಾಬಿ–ಬಿಳಿಯ ಪೇಂಟೆಡ್ ಲೇಡಿ ಬೇಕು. ಹೂ ಪುಟ್ಟದು; ಒಂದು ಹಿಡಿ ಇಟ್ಟರೆ ಕೋಣೆಯೆಲ್ಲ ಘಮಘಮ.

ಬೆಂಗಳೂರಿನಲ್ಲಿ ಬೆಳೆಸುವವರು ಸಂತ ಪ್ಯಾಟ್ರಿಕ್‌ನನ್ನು ಮರೆಯಬೇಕು. ಮಾರ್ಚ್ ಇಲ್ಲಿ ಈ ಬಳ್ಳಿ ಒಣಗುವ ಕಾಲ. ನಮ್ಮ ರೈತರು ಹಿಂಗಾರಿಗೆ ನೋಡುವ ಹಸ್ತ, ಚಿತ್ತೆ ಮಳೆಗಳೇ ಇಲ್ಲಿ ಸರಿಯಾದ ಪಂಚಾಂಗ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಮಳೆ ಬಿಡುವು ಕೊಟ್ಟಾಗ ಬಿತ್ತಿದರೆ ಚಳಿಗಾಲವಿಡೀ ಬಳ್ಳಿಗೆ ಹಿತ.

ಹೂ ಬಿಡತೊಡಗಿದ ಮೇಲೆ ಕೊಯ್ಯಲು ಜಿಪುಣತನ ಬೇಡ. ಎರಡು ದಿನಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ ಕತ್ತರಿಸಿ. ಕಾಯಿ ಕಟ್ಟಲು ಬಿಟ್ಟರೆ ಬಳ್ಳಿ ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ಬೀಜಕ್ಕೆಂದು ಒಂದೇ ಬಳ್ಳಿ ಬಿಡಿ, ಅದೂ ಕೊನೆಗೆ. ಈ ಕಾಯಿ ನೋಡಲು ಬಟಾಣಿಯೇ. ಆದರೆ ಇದು ಕೇಸರಿ ಬೇಳೆಯ ಕುಲದ್ದು, ತಿಂದರೆ ವಿಷ. ಒಣಗಿದ ಬೀಜವನ್ನು ಹೆಸರು ಬರೆದ ಲಕೋಟೆಗೆ ಹಾಕಿ, ಅಡುಗೆಮನೆಯಿಂದ ದೂರ, ಮಕ್ಕಳ ಕೈಗೆಟುಕದ ಕಡೆ ಇಡಿ.